ವಿಧಿಯ ಮೇಲೇಕೆ ತಪ್ಪು?

ಹಿಮದ ರಾಶಿ ಜಾರಿ ಜನ ಸತ್ತರೆ ನಮ್ಮ ಪತ್ರಿಕೆಗಳಿಗೆ ಅದು ‘ಹಿಮಪಾತ, ವಿಧಿಯಾಟ’. ಹಿಮಪಾತವೆಂದರೆ ಹಿಮ ಬೀಳುವುದು, ಹಿಮಕುಸಿತವೇ ಬೇರೆ.

ಕೆನಡಾದ ಪಶ್ಚಿಮ ಕರಾವಳಿಯ ಕೋಸ್ಟ್ ಪರ್ವತಗಳನ್ನು ನೋಡಿ. ಪೆಸಿಫಿಕ್ ಸಾಗರದ ತೇವದ ಗಾಳಿ ಅಲ್ಲಿ ಬೆಳಗಾಗುವುದರೊಳಗೆ ಮೊಳಗಟ್ಟಲೆ ಹಿಮ ಸುರಿಸಬಲ್ಲುದು. ಗಾಳಿಮರೆಯ ಇಳಿಜಾರಿನಲ್ಲಿ ಅದು ಹಲಗೆಯಂತೆ ಬಿಗಿದು, ಕೆಳಪದರಕ್ಕೆ ಅಂಟದೆ ಕುಳಿತಿರುತ್ತದೆ. 30ರಿಂದ 45 ಡಿಗ್ರಿಯ ಇಳಿಜಾರಾದರೆ ಕಳಚಲು ಒಬ್ಬ ಸ್ಕೀಗಾರನ ಭಾರ ಸಾಕು.

‘ಕರಾವಳಿಯ ಹಿಮ ಬೇಗ ಗಟ್ಟಿಯಾಗುತ್ತದೆ, ಭಯವಿಲ್ಲ’ ಎನ್ನುವವರಿದ್ದಾರೆ. ಬೇಗ ಎಂದರೂ ಕೆಲವು ದಿನ ಬೇಡವೆ, ಸ್ವಾಮಿ? ಇವರು ಹೊರಡುವುದು ಬಿರುಗಾಳಿ ನಿಂತ ಮರುದಿನವೇ! ಸತ್ತವರಲ್ಲಿ ಹೆಚ್ಚಿನವರ ಮೇಲೆ ಕುಸಿದದ್ದು ತಾವೋ ಜೊತೆಗಾರರೋ ತುಳಿದು ಕಳಚಿದ ಹಿಮ. ಅವಲಾಂಚ್ ಕೆನಡಾ ಸಂಸ್ಥೆ ಚಳಿಗಾಲದಲ್ಲಿ ದಿನವೂ ಅಪಾಯವನ್ನು 1ರಿಂದ 5ರವರೆಗೆ ಅಳೆದು ಪ್ರಕಟಿಸುತ್ತದೆ. ಅದನ್ನೋದಿ ಹಿಂದಿರುಗಲು ವಿಧಿಯ ಅಪ್ಪಣೆ ಬೇಕೆ?