ಹೊಗೆಕೊಳವೆ ಆರಿಸುವಾಗ ಕಿವಿಯ ಮಾತು ಕೇಳಬೇಡಿ

ಬೈಕಿನ ಸೈಲೆನ್ಸರ್ ಬದಲಿಸಿ ಡಬಡಬ ಸದ್ದು ಮಾಡುತ್ತ ಹೋಗುವ ಅಣ್ಣಂದಿರನ್ನು ನೀವು ನೋಡಿಯೇ ಇರುತ್ತೀರಿ. ಸದ್ದು ಜಾಸ್ತಿಯಾದರೆ ಶಕ್ತಿಯೂ ಜಾಸ್ತಿ ಅಂತ ಅವರ ನಂಬಿಕೆ. ಮನೆಯಲ್ಲೇ ವಿಮಾನ ಕಟ್ಟುವವರನ್ನೂ ಈ ಆಸೆ ಬಿಟ್ಟಿಲ್ಲ. ಹೌದು, ಮನೆಯಲ್ಲೇ! ಅಮೆರಿಕದಲ್ಲಿ ಬಿಡಿಭಾಗಗಳ ಕಿಟ್ ತರಿಸಿ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ವರ್ಷಗಟ್ಟಲೆ ರಿವೆಟ್ ಹೊಡೆದು, ಕೊನೆಗೆ ತಾವೇ ಹಾರಿಸುವವರು ಸಾವಿರಾರು ಮಂದಿ ಇದ್ದಾರೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗೋ ಹವ್ಯಾಸಕ್ಕೋ ಮಾಡುವವರೇ ಮಾಡಿರಬೇಕು ಎಂಬುದು ಅಲ್ಲಿನ ನಿಯಮ. ಒರೆಗಾನ್ ರಾಜ್ಯದ ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳು ಇದರಲ್ಲಿ ಹೆಸರಾದವು. ಅವುಗಳ ಮೂತಿಯಲ್ಲಿ ಸಾಮಾನ್ಯವಾಗಿ ಲೈಕಮಿಂಗ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್ ಇರುತ್ತದೆ. ಅದಕ್ಕೆ ಎಂಥ ಹೊಗೆಕೊಳವೆ ಹಾಕಬೇಕು ಎಂಬುದು ಕಟ್ಟುವವರ ಆಯ್ಕೆ.

ಸಿಲಿಂಡರಿಗೊಂದರಂತೆ ನಾಲ್ಕು ಬಿಡಿ ಕೊಳವೆ ಹಾಕಬಹುದು. ಹಗುರ, ಸರಳ, ಗದ್ದಲ ಮಾತ್ರ ಬಹಳ. ನಾಲ್ಕನ್ನೂ ಒಂದಕ್ಕೆ ಸೇರಿಸಬಹುದು. ಇಲ್ಲವೇ ಎರಡೆರಡನ್ನು ಜೋಡಿಸಬಹುದು. ಈ ಜೋಡಿಯಲ್ಲಿ ಒಂದು ಚಂದದ ಲೆಕ್ಕವಿದೆ. ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ನಾಲ್ಕೂ ಸಿಲಿಂಡರುಗಳು 1, 3, 2, 4 ಎಂಬ ಕ್ರಮದಲ್ಲಿ ಉರಿಯುತ್ತವೆ. 1 ಮತ್ತು 2ರ ನಡುವೆ ಸರಿಯಾಗಿ 360 ಡಿಗ್ರಿ ಅಂತರ. 3 ಮತ್ತು 4ಕ್ಕೂ ಅಷ್ಟೇ. ಅವನ್ನು ಜೋಡಿಸಿದರೆ ಹೊಗೆಯ ಎರಡು ಅಲೆಗಳು ಬಸ್ಸಿನ ಬಾಗಿಲಲ್ಲಿ ನುಗ್ಗಾಡುವ ಜನರಂತೆ ಡಿಕ್ಕಿ ಹೊಡೆಯುವುದಿಲ್ಲ. ಕೊಳವೆಯ ಉದ್ದ ಹೊಂದಿಕೆಯಾದರೆ ಮುಂದೆ ಹೋದ ಅಲೆ ಹಿಂದಿನದನ್ನು ಎಳೆದುಕೊಳ್ಳುತ್ತದೆ ಕೂಡ. ಶಕ್ತಿ ಸ್ವಲ್ಪ ಹೆಚ್ಚುತ್ತದೆ.

ಆ ಲಾಭ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಕೊಳ್ಳುವವರು ಮೊದಲು ಕೇಳಬೇಕಾದ್ದು ಬೇರೆ: ಇದು ಬಿರುಕು ಬಿಟ್ಟರೆ ನನಗೆ ಕಾಣುತ್ತದೆಯೇ?

ಕೊಳವೆ ಬಿರುಕು ಬಿಡುವುದೇನೂ ಅಪರೂಪವಲ್ಲ. ಒಂದು ಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.017 ಮಿಲಿಮೀಟರ್ ಹಿಗ್ಗುತ್ತದೆ. ಎಂಜಿನ್ ಓಡುವಾಗ ಕೊಳವೆಯ ಬಿಸಿ 600 ಡಿಗ್ರಿಯಷ್ಟು ಏರಿತು ಅನ್ನಿ, ನೀವೇ ಗುಣಿಸಿ ನೋಡಿ: ಒಂದು ಸೆಂಟಿಮೀಟರ್! ಎರಡೂ ತುದಿ ಬಿಗಿಯಾಗಿ ಹಿಡಿದುಕೊಂಡರೆ ಅದು ಹಿಗ್ಗುವುದಾದರೂ ಎಲ್ಲಿಗೆ? ಅದಕ್ಕೇ ಒಂದರೊಳಗೊಂದು ಜಾರುವ ಅಥವಾ ಗುಂಡಿನಂತೆ ತಿರುಗುವ ಕೀಲುಗಳು ಬೇಕೇ ಬೇಕು. ಇದರ ಮೇಲೆ ಎಂಜಿನ್ನಿನ ನಡುಕ ಬೇರೆ.

ಇನ್ನೊಂದು ವಿಷಯ. ಇಂಥ ವಿಮಾನದಲ್ಲಿ ಚಳಿಗೆ ಬೆಚ್ಚನೆ ಗಾಳಿ ಬರುವುದು ಈ ಕೊಳವೆಯಿಂದಲೇ. ಅದರ ಸುತ್ತ ತಗಡಿನ ಕವಚ ಹಾಕಿ, ನಡುವೆ ಕಾದ ಗಾಳಿಯನ್ನು ಒಳಕ್ಕೆ ಬಿಡುತ್ತಾರೆ. ಕವಚದ ಕೆಳಗೆ ಕೊಳವೆ ಸೀಳಿದರೆ ಆ ಗಾಳಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಅಪ್ಪಿಕೊಳ್ಳುತ್ತದೆ. 2019ರ ಜನವರಿಯಲ್ಲಿ ಫ್ರಾನ್ಸಿನಿಂದ ಬ್ರಿಟನ್ನಿಗೆ ಹೊರಟಿದ್ದ ಫುಟ್‌ಬಾಲ್ ಆಟಗಾರ ಎಮಿಲಿಯಾನೋ ಸಾಲಾ ಇದ್ದ ಸಣ್ಣ ವಿಮಾನ ಸಮುದ್ರಕ್ಕೆ ಬಿತ್ತು. ಅವರ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಶೇ. 58 ಭಾಗ ಈ ಅನಿಲಕ್ಕೆ ಅಂಟಿಕೊಂಡಿತ್ತು. ಪೈಲಟ್ಟಿಗೂ ಅದರ ವಿಷ ತಗುಲಿದ್ದಿರಬೇಕು ಎಂದು ತನಿಖೆ ಹೇಳಿತು. ಎಚ್ಚರಿಕೆಯ ಗಂಟೆ ಬಾರಿಸುವ ಪತ್ತೆಯಂತ್ರ ವಿಮಾನದಲ್ಲಿ ಇರಲಿಲ್ಲ. ಅದು ಮನೆಯಲ್ಲಿ ಕಟ್ಟಿದ್ದೂ ಅಲ್ಲ, ಕಾರ್ಖಾನೆಯದ್ದೇ. (ನೀಲಗಿರಿಯ ಮಕ್ಕಳೇ, ಚಳಿಗೆ ಬಾಗಿಲು ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಿದರೂ ಕೊಲ್ಲುವುದು ಇದೇ ಅನಿಲ. ಮನೆಯಲ್ಲಿ ಹೇಳಿ.)

ಆದ್ದರಿಂದ ನನ್ನನ್ನು ಕೇಳಿದರೆ, ಒಂದೆರಡು ಅಶ್ವಶಕ್ತಿ ಕಡಿಮೆಯಾದರೂ ಪರವಾಗಿಲ್ಲ, ಕವಚವನ್ನು ಸುಲಭವಾಗಿ ಬಿಚ್ಚಿ ನೋಡಲು ಬರುವ ಕೊಳವೆಯನ್ನೇ ಕೊಳ್ಳಬೇಕು. ಉಳಿದ ದುಡ್ಡಿನಲ್ಲಿ ಪತ್ತೆಯಂತ್ರ. ಬಿರುಕು ಹುಡುಕುವುದು ನಿಮಗೂ ಗೊತ್ತಿರುವ ವಿದ್ಯೆಯೇ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡಲು ನೀರಿನಲ್ಲಿ ಮುಳುಗಿಸುತ್ತೀರಲ್ಲ? ಇಲ್ಲಿ ಎಂಜಿನ್ ತಣ್ಣಗಿರುವಾಗ ಕೊಳವೆಯೊಳಗೆ ಮೆಲ್ಲಗೆ ಗಾಳಿ ಊದಿ, ಹೊರಗೆಲ್ಲ ಸೋಪಿನ ನೀರು ಸವರುತ್ತಾರೆ. ಜಾರುವ ಕೀಲಿನಲ್ಲಿ ಒಂದಿಷ್ಟು ಗುಳ್ಳೆ ಬಂದೇ ಬರುತ್ತದೆ. ಕವಚದ ಕೆಳಗಿನ ಬೆಸುಗೆಯಲ್ಲಿ ಒಂದೇ ಒಂದು ಗುಳ್ಳೆ ಬಂದರೂ ಆ ದಿನ ಹಾರಾಟವಿಲ್ಲ.