ಆ ಐದು ನಿಮಿಷ

ತಂಗಿಯ ಮೆಹೆಂದಿಗೆ ಸುರತ್ಕಲ್‌ನಿಂದ ಜನರೇಟರ್ ಟ್ರಾಲಿ ತರಬೇಕಿತ್ತು. ಪಿಕಪ್ಪಿನ ಹುಕ್ಕಿಗೆ ಪಿನ್ ಬಿದ್ದದ್ದೇ ತಡ, "ಹೋಗುವ ಅಣ್ಣ, ಲೇಟಾಯ್ತು" ಅಂದೆ.

"ಎಂತ ಅರ್ಜೆಂಟ್ ಮಾರಾಯ್ರೆ? ಕೂಳೂರು ಸೇತುವೆಯಲ್ಲಿ ಪಿನ್ ಹಾರಿದ್ರೆ ಹಿಂದಿನವರ ಗತಿ?"

ಡ್ರೈವರಣ್ಣ ಪಿನ್ನಿಗೆ ಕ್ಲಿಪ್ ಹಾಕಿದರು. ಎರಡು ಚೈನುಗಳನ್ನು ಅಡಿಯಲ್ಲಿ ಕತ್ತರಿಯಂತೆ ದಾಟಿಸಿ ಬಿಗಿದರು. ಕೊಂಡಿ ಕಳಚಿದರೂ ಟ್ರಾಲಿಯ ಮೂತಿ ರಸ್ತೆಗೆ ಬಡಿಯದೆ ಚೈನಿನ ಮೇಲೇ ಕೂರುತ್ತದಂತೆ. ತಿರುವಿನಲ್ಲಿ ಜಗ್ಗಬಾರದು, ನೆಲಕ್ಕೂ ತಾಗಬಾರದು, ಅಷ್ಟೇ ಸಡಿಲ. ಆಮೇಲೆ ನನ್ನನ್ನು ಹಿಂದೆ ನಿಲ್ಲಿಸಿ ಬ್ರೇಕ್ ಲೈಟು, ಇಂಡಿಕೇಟರ್ ನೋಡಿಸಿದರು. ಎಡಗಡೆಯದ್ದು ಉರಿಯಲಿಲ್ಲ, ವೈರ್ ಸರಿಮಾಡಿದರು.

ದಾರಿಯಲ್ಲೊಂದು ಗುಂಡಿಗೆ ಟ್ರಾಲಿ ಕುಪ್ಪಳಿಸಿತು. ಕನ್ನಡಿ ನೋಡಿದೆ. ಹಿಂದೆ ಸ್ಕೂಟರ್, ಅದರಲ್ಲಿ ಅಪ್ಪನ ಮುಂದೆ ನಿಂತ ಪುಟ್ಟ ಮಗು.

ನಿಮ್ಮ ಮನೆ ಫಂಕ್ಷನ್ನಿಗೂ ಟ್ರಾಲಿ ಬರುತ್ತದಲ್ವಾ? ಡ್ರೈವರಿಗೆ ಆ ಐದು ನಿಮಿಷ ಬಿಟ್ಟುಕೊಡಿ.