ಸುಣ್ಣ ಬಳಿಯುವುದಕ್ಕೆ ಮುಂಚೆ

ಮಳೆಗಾಲ ಕಳೆದು ನವರಾತ್ರಿ ಸಮೀಪಿಸಿತೆಂದರೆ ಗೃಹಸ್ಥರ ದೃಷ್ಟಿ ಮನೆಯ ಗೋಡೆಗಳ ಮೇಲೆ ಬೀಳುವುದು ಸಹಜ. ಮೂಲೆಗಳಲ್ಲಿ ಬೂಷ್ಟು, ನೆಲದ ಬಳಿ ಹಕ್ಕಳೆಯೆದ್ದ ಸುಣ್ಣ, ಎಲ್ಲೆಲ್ಲಿಯೂ ಮಾಸಲು. ಆಳುಗಳನ್ನು ಕರೆದು ವಿಚಾರಿಸಿದರೆ ಕೂಲಿಯ ಮಾತು ಕೇಳಿಯೇ ಎದೆ ಕುಸಿಯುತ್ತದೆ. ಒಂದೆರಡು ಕೋಣೆಗಳಿಗಾದರೂ ನಾವೇ ಸುಣ್ಣ ಬಳಿದುಕೊಳ್ಳಲಾಗದೆ ಎಂದು ವಾಚಕರಲ್ಲಿ ಕೆಲವರು ಯೋಚಿಸಿರಬಹುದು. ಧಾರಾಳವಾಗಿ ಆಗುತ್ತದೆ. ಈ ಕೆಲಸದಲ್ಲಿ ಸಾಮಾನಿನ ಬೆಲೆ ಅಲ್ಪ. ವೆಚ್ಚದ ಬಹುಭಾಗ ಕೂಲಿಯೇ. ಆದರೆ ಗೋಡೆಯನ್ನು ಪರೀಕ್ಷಿಸದೆ ಕುಂಚ ಹಿಡಿದವನು ಉಳಿಸಿದ ಹಣವನ್ನೆಲ್ಲ ಮತ್ತೆ ಕಳೆದುಕೊಳ್ಳುವನು. ಅನುಭವದಿಂದ ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ನಡುಮನೆಯ ಪಡುವಣ ಗೋಡೆ ತೇವದಿಂದ ಕಪ್ಪಿಟ್ಟಿತ್ತು. ನಾನು ಬೆಲೆಯುಳ್ಳ ಪ್ಲಾಸ್ಟಿಕ್ ಬಣ್ಣವನ್ನು ತಂದು, ಮಗನನ್ನು ಜೊತೆಗಿಟ್ಟುಕೊಂಡು, ಎರಡು ಭಾನುವಾರ ಶ್ರಮಪಟ್ಟು ಬಳಿದೆನು. ದೀಪಾವಳಿಗೆ ಬಂದವರೆಲ್ಲ ಹೊಗಳಿದರು. ಮರುವರ್ಷದ ಆಷಾಢದಲ್ಲಿ ಬಣ್ಣವು ಹಪ್ಪಳದಂತೆ ಉಬ್ಬಿತು. ಶ್ರಾವಣದಲ್ಲಿ ಸುಲಿದು ಬಿತ್ತು. ಹೊರಗೆ ಹೋಗಿ ಒಮ್ಮೆ ನೋಡಬಾರದೆ ಎಂದು ನನ್ನ ಮನೆಯಾಕೆ ಮೊದಲೇ ಹೇಳಿದ್ದಳು. ಕೇಳುವ ತಾಳ್ಮೆ ನನಗಿರಲಿಲ್ಲ. ಕಡೆಗೆ ನೋಡಿದರೆ, ತಾರಸಿಯ ನೀರಿಳಿಯುವ ಕೊಳವೆಯು ಕೀಲಿನಲ್ಲಿ ಬಿರಿದು, ಮಳೆಯ ನೀರೆಲ್ಲ ಆ ಗೋಡೆಯ ಬುಡದಲ್ಲಿಯೇ ಇಂಗುತ್ತಿತ್ತು. ಅದನ್ನು ಸರಿಪಡಿಸಲು ತಗಲಿದ ಹಣ ಬಣ್ಣಕ್ಕೆ ಕೊಟ್ಟದ್ದರಲ್ಲಿ ಒಂದು ಸಣ್ಣ ಪಾಲು.

ಆದುದರಿಂದ ತೇವವಿರುವ ಕಡೆ ಅದರ ಮೂಲವನ್ನು ಮೊದಲು ಹುಡುಕತಕ್ಕದ್ದು. ಒಂದು ಸುಲಭೋಪಾಯವುಂಟು. ಗೇಣುದ್ದದ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ಒತ್ತಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಭದ್ರಪಡಿಸಿ, ಎರಡು ದಿನ ಬಿಡಿರಿ. ಹಾಳೆಯ ಒಳಮೈಯಲ್ಲಿ, ಎಂದರೆ ಗೋಡೆಯ ಕಡೆಗೆ, ಹನಿಗಟ್ಟಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಹೊರಮೈಯಲ್ಲಿ ಹನಿಯಿದ್ದರೆ ದೋಷವು ಕೋಣೆಯ ಗಾಳಿಯದು. ಕಿಟಕಿ ತೆರೆದಿಡುವುದೇ ಅದಕ್ಕೆ ಚಿಕಿತ್ಸೆ, ಅದಕ್ಕೆ ಕಾಸೂ ಬೇಡ.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಗೋಡೆಗೆ ಒಂದು ಚೊಂಬು ನೀರು ಚಿಮುಕಿಸಿರಿ. ನೀರನ್ನು ಹೀರಿಕೊಂಡರೆ ಅದು ಸುಣ್ಣಕ್ಕೆ ಯೋಗ್ಯ. ಹನಿಗಳು ಜಾರಿ ಹೋದರೆ ಹಿಂದೆ ಯಾರೋ ಎಣ್ಣೆಬಣ್ಣವನ್ನೋ ಪ್ಲಾಸ್ಟಿಕ್ ಬಣ್ಣವನ್ನೋ ಬಳಿದಿದ್ದಾರೆ. ಅದನ್ನು ಕೆರೆದು ತೆಗೆಯದೆ ಸುಣ್ಣ ಹಚ್ಚಿದರೆ ನಿಲ್ಲುವುದಿಲ್ಲ. ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಕೂಡದು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೆ ಹಿಂದಿನ ಬಣ್ಣದ ಧೂಳು ಎಳೆಯ ಮಕ್ಕಳ ಬುದ್ಧಿಬೆಳವಣಿಗೆಗೆ ಹಾನಿಕರವಾಗಿರಬಹುದು. ನೀರಿನಿಂದ ನೆನೆಸಿ ಕೆರೆಯಿರಿ. ಆ ಹೊತ್ತು ಮಕ್ಕಳನ್ನು ದೂರವಿಡಿರಿ.

ಇನ್ನು ಸುಣ್ಣದ ಪಾಕ. ಸುಟ್ಟ ಸುಣ್ಣದ ಕಲ್ಲುಗಳನ್ನು ಕಬ್ಬಿಣದ ಪೀಪಾಯಿಯಲ್ಲಿರುವ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ರಾಶಿಯ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುವ ಭಯವುಂಟು. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣವು ತಿಂದುಹಾಕುತ್ತದೆ. ತೆಳು ಪ್ಲಾಸ್ಟಿಕ್ ಬಕೆಟ್ಟು ಶಾಖಕ್ಕೆ ಕರಗೀತು. ಒಂದು ಕಿಲೋ ಸುಣ್ಣಕ್ಕೆ ಸುಮಾರು 5 ಲೀಟರು ನೀರು ಸರಿಯಾದ ಅಳತೆ. ಅರಳಿದ ಸುಣ್ಣವನ್ನು ಒಂದು ದಿನವಿಡೀ ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಿ, 10 ಲೀಟರು ಪಾಕಕ್ಕೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಿದರೆ, ಒರಗಿದವರ ಅಂಗಿಗೆ ಸುಣ್ಣ ಹತ್ತುವುದು ಕಡಿಮೆ. ನೀಲಿಯನ್ನು ಕಿಲೋವಿಗೆ 3 ಗ್ರಾಂ ಮೀರಿ ಹಾಕಬೇಡಿ. ನಮ್ಮ ನೆರೆಯವರೊಬ್ಬರು ಕೈಯಳತೆಯಲ್ಲಿ ಹಾಕಿ, ಒಂದು ವರ್ಷ ಪೂರ್ತಿ ಆಕಾಶದೊಳಗೆ ವಾಸವಾಗಿದ್ದರು.

ಬಳಿಯುವ ಮೊದಲು ಗೋಡೆಯನ್ನು ಒದ್ದೆಮಾಡಿಕೊಳ್ಳಿರಿ. ಪಾಕ ತೆಳ್ಳಗಿರಲಿ; ಕುಂಚವನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ, ಒಮ್ಮೆ ಕೆಳಗಿನಿಂದ ಮೇಲಕ್ಕೆ ಎಳೆದು, ಅದು ಆರುವ ಮೊದಲೇ ಅಡ್ಡಡ್ಡಲಾಗಿಯೂ ಎಳೆಯಬೇಕು. ಹಸಿಯಾಗಿರುವಾಗ ಏನೂ ಬಳಿದಂತೆಯೇ ಕಾಣುವುದಿಲ್ಲ. ಹೊಸಬರು ಇಲ್ಲಿಯೇ ಧೈರ್ಯಗೆಟ್ಟು ದಪ್ಪನಾಗಿ ಬಳಿದು ಕೆಡಿಸುವುದು. ಒಣಗುತ್ತ ಒಣಗುತ್ತ ಅದು ಗಾಳಿಯಲ್ಲಿನ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಮತ್ತೆ ಕಲ್ಲಿನ ಸ್ವಭಾವಕ್ಕೆ ಮರಳುತ್ತದೆ, ಬೆಳ್ಳಗಾಗುತ್ತದೆ. ಹೊಸ ಗೋಡೆಗೆ ಮೂರು ಸಲ. ಹಳೆಯದಕ್ಕೆ ಒಂದೆರಡು ಸಲ ಸಾಕು. ಸುಣ್ಣವು ಗೋಡೆಯ ಉಸಿರನ್ನು ಕಟ್ಟುವುದಿಲ್ಲ. ನನ್ನ ಪಡುವಣ ಗೋಡೆಗೆ ಈಗ ಇರುವುದು ಇದೇ.

ಕಣ್ಣಿನ ವಿಷಯದಲ್ಲಿ ಉಳಿತಾಯದ ಮಾತೇ ಬೇಡ. ಕಣ್ಣುಗಳನ್ನು ಸುತ್ತಲೂ ಮುಚ್ಚುವ ಕನ್ನಡಕವಿಲ್ಲದೆ ಸುಣ್ಣ ಅರಳಿಸಕೂಡದು, ತಲೆಯ ಮೇಲಿನ ಛಾವಣಿಗೆ ಬಳಿಯಲೂ ಕೂಡದು. ಒಂದು ಹನಿ ಕಣ್ಣಿಗೆ ಬಿದ್ದರೂ ಉಜ್ಜದೆ, ಹರಿಯುವ ನೀರಿನಲ್ಲಿ ಕಾಲು ಗಂಟೆಗೆ ಕಡಮೆಯಿಲ್ಲದಂತೆ ತೊಳೆದು, ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು. ವಿದ್ಯುತ್ತಿನ ಗುಂಡಿಗಳ ಸುತ್ತ ಬಳಿಯುವಾಗ ಮೀಟರಿನ ಬಳಿ ಕರೆಂಟು ನಿಲ್ಲಿಸಿರಬೇಕು. ಏಣಿಯ ಕೊನೆಯ ಮೆಟ್ಟಿಲನ್ನು ಹತ್ತಿದರೆ ಮಾತ್ರ ನಿಲುಕುವ ಎತ್ತರವನ್ನು ಆಳಿಗೇ ಬಿಡಿರಿ. ಆ ಕೂಲಿ ದುಬಾರಿಯಲ್ಲ.

ಉಳಿದ ಪಾಕವನ್ನು ಚೆಲ್ಲಬೇಡಿ. ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಮಾಡಿ, ಬಾಯಿ ಮುಚ್ಚಿ, ಮಕ್ಕಳಿಗೆ ಎಟುಕದ ಕಡೆ ಇಟ್ಟರೆ ಯುಗಾದಿಗೆ ಅಡಿಗೆಮನೆಯ ಗೋಡೆಗೆ ಒದಗುತ್ತದೆ.